ಆಯುಧಪೂಜೆಗೆ ಸಿಕ್ಕಿಸಿದ ವೈರು

ಆ ಲ್ಯಾಬಿನ ಯಜಮಾನರನ್ನು ಕಂಡರೆ ನನಗೆ ಮೊದಲ ದಿನದಿಂದಲೂ ಆಗುತ್ತಿರಲಿಲ್ಲ. ಅವರಿಗೂ ನನ್ನನ್ನು ಕಂಡರೆ ಅಷ್ಟಕ್ಕಷ್ಟೆ. ಯಲಹಂಕದ ಪಕ್ಕದ ಕೋಗಿಲು ಊರಿನ ಹಳೇ ಮನೆತನದವರು. ತಂದೆಯ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಮೂರು ಅಂತಸ್ತು ಎಬ್ಬಿಸಿ, ಕೆಳಗೆ ರಕ್ತ ಪರೀಕ್ಷೆಯ ಲ್ಯಾಬು, ನಡುವೆ ಸ್ಕ್ಯಾನಿಂಗು, ಮೇಲೆ ಡಾಕ್ಟರುಗಳು ಕೂರುವ ಕೋಣೆಗಳನ್ನು ಮಾಡಿಸಿದ್ದರು. ಹೆಗಲಿಗೆ ಚೀಲ ಹಾಕಿಕೊಂಡು ನಾನು ಒಳಗೆ ಹೋದಾಗ ಅವರು ಕುರ್ಚಿಯಿಂದ ಏಳದೆ ಕೇಳಿದ ಮೊದಲ ಮಾತು, "ಕೆಲ್ಸ ಮಾಡೋರು ಎಲ್ಲವ್ರಮ್ಮಾ?"

"ನಾನೇ" ಅಂದೆ.

"ಅಲ್ಲಮ್ಮಾ, ನೀವು ಮಾತಾಡಕ್ಕೆ ಬಂದಿದೀರ. ವೈರ್ ಎಳೆಯೋರು?"

"ಅದೂ ನಾನೇ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ನಲವತ್ತೇಳು ವರ್ಷದ ಹೆಂಗಸು, ಕಾಲಲ್ಲಿ ಕ್ಯಾನ್ವಾಸ್ ಶೂ, ಚೀಲದಲ್ಲಿ ಕಟಿಂಗ್ ಪ್ಲೇಯರು. ಈ ನೋಟ ನನಗೆ ಹೊಸದಲ್ಲ. ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಸರ್ಕ್ಯೂಟ್ ಬೋರ್ಡಿಗೆ ಬೆಸುಗೆ ಹಾಕಿದವಳು ನಾನು. ಅದು ಬಾಗಿಲು ಹಾಕಿದ ಮೇಲೆ ಅಲ್ಲೇ ಕಲಿತ ನೆಟ್‌ವರ್ಕ್ ಕೆಲಸ ಹಿಡಿದುಕೊಂಡು ಯಲಹಂಕದಲ್ಲಿ ಸ್ವಂತಕ್ಕೆ ನಿಂತೆ. ಬಾಗಲಕೋಟೆ ಕಡೆಯವಳು. ಸಿಟ್ಟು ಬಂದರೆ ನನ್ನ ಬೆಂಗಳೂರು ಕನ್ನಡ ಗಾಳಿಗೆ ಹಾರಿ ಊರಿನ ಮಾತೇ ಬರುತ್ತದೆ. ಅವತ್ತು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ, ಯಾಕೆಂದರೆ ಆ ರಸ್ತೆಯಲ್ಲಿ ಅದು ನನ್ನ ಮೊದಲ ಕೆಲಸ.

ಅವರ ತೊಂದರೆ ಸಣ್ಣ ವ್ಯಾಪಾರದವರೆಲ್ಲರ ತೊಂದರೆಯೇ. ಇಂಟರ್ನೆಟ್ ಕಂಪನಿಯವರು ಹಾಕಿಹೋದ ಒಂದು ವೈಫೈ ಡಬ್ಬ ಬಿಲ್ಲಿಂಗ್ ಮೇಜಿನ ಮೇಲೆ ಕೂತಿತ್ತು. ಇಡೀ ಕಟ್ಟಡ ಅದಕ್ಕೇ ನೇತುಬಿದ್ದಿತ್ತು. ಮಿಷನ್ನಿನ ರಿಪೋರ್ಟು ಕಂಪ್ಯೂಟರಿಗೆ ಬರಬೇಕು, ಅಲ್ಲಿಂದ ಪ್ರಿಂಟರಿಗೆ ಹೋಗಬೇಕು, ಮೇಲಿನ ಡಾಕ್ಟರಿಗೂ ಕಾಣಬೇಕು. ಸ್ಕ್ಯಾನಿಂಗ್ ಚಿತ್ರ ಕೆಳಗೆ ಇಳಿಯಲು ಅರ್ಧ ಗಂಟೆ. ಅಷ್ಟು ಹೊತ್ತು ಬಿಲ್ಲಿಂಗ್ ನಿಂತು, ಜನ ಕೌಂಟರಿನವಳ ಮೇಲೆ ಕೂಗಾಡುವುದು. ಕೊನೆಗೆ ಪೆನ್‌ಡ್ರೈವ್ ಹಿಡಿದು ಮೆಟ್ಟಿಲು ಹತ್ತಿ ಇಳಿಯುವುದು. ಯಜಮಾನರು ಇದಕ್ಕೆಲ್ಲ ಇನ್ನೂ ಜೋರಿನ ಇಂಟರ್ನೆಟ್ ಹಾಕಿಸುವುದೇ ಮದ್ದು ಎಂದುಕೊಂಡಿದ್ದರು. ತೊಂದರೆ ಹೊರಗಿನಿಂದ ಬರುವ ಲೈನಿನಲ್ಲಿಲ್ಲ, ಕಟ್ಟಡದೊಳಗಿನ ದಾರಿಯಲ್ಲಿದೆ ಅಂತ ಹೇಳಿದೆ. ಪ್ರತಿ ಮೇಜಿಗೂ ಒಂದೊಂದು ವೈರು ಎಳೆದು, ಎಲ್ಲವನ್ನೂ ಹದಿನಾರು ಪೋರ್ಟಿನ, ಅಂದರೆ ವೈರು ಚುಚ್ಚುವ ಹದಿನಾರು ತೂತುಗಳಿರುವ, ನೆಟ್‌ವರ್ಕ್ ಸ್ವಿಚ್ಚು ಎಂಬ ಒಂದು ಡಬ್ಬಕ್ಕೆ ತಂದು ಸೇರಿಸಿದರೆ, ಯಾರ ಮಾತು ಯಾರಿಗೆ ಹೋಗಬೇಕೋ ಅವರಿಗಷ್ಟೇ ಹೋಗುತ್ತದೆ, ಒಬ್ಬರಿಗೊಬ್ಬರು ಅಡ್ಡ ಬರುವುದಿಲ್ಲ ಅಂದೆ.

ಎರಡು ಬಗೆಯ ಸ್ವಿಚ್ಚು ತೋರಿಸಿದೆ. ಒಂದು ಸಾದಾ. ಇನ್ನೊಂದು, ಯಾರಾದರೂ ವೈರು ತಪ್ಪಾಗಿ ಸಿಕ್ಕಿಸಿದರೆ ತಾನೇ ಅರಿತು ಆ ಪೋರ್ಟನ್ನು ಮುಚ್ಚಿಕೊಳ್ಳುವುದು. "ಇದಕ್ಕೆ ಸ್ವಲ್ಪ ಬುದ್ಧಿ ಇದೆ ಸರ್" ಅಂದೆ.

"ಡಬ್ಬಕ್ಕೆ ಬುದ್ಧಿ ಯಾಕಮ್ಮಾ? ನಿಮಗಿದ್ರೆ ಸಾಕು" ಅಂದರು. ಸುತ್ತ ಇದ್ದವರು ನಕ್ಕರು.

ಅಲ್ಲಿ ನಾನು ಪಟ್ಟು ಹಿಡಿಯಬೇಕಿತ್ತು. ಇವರಿಗೆ ಇಷ್ಟೇ ಸಾಕು, ಅನುಭವಿಸಲಿ ಅಂತ ಸಾದಾ ಸ್ವಿಚ್ಚನ್ನೇ ತಂದೆ. ಗಿರಾಕಿಯ ಮೇಲಿನ ಸಿಟ್ಟನ್ನು ಕೆಲಸದ ಮೇಲೆ ತೀರಿಸಿಕೊಳ್ಳಬಾರದು ಅಂತ ಕಾರ್ಖಾನೆಯಲ್ಲಿ ನಮ್ಮ ಮೇಸ್ತ್ರಿ ಹೇಳುತ್ತಿದ್ದರು. ಅವರ ಮಾತನ್ನು ನಾನು ಯಾವತ್ತು ಕೇಳಿದ್ದೆ?

ಎರಡು ದಿನದ ಕೆಲಸ. ಆ ಎರಡೂ ದಿನ ನನ್ನ ಏಣಿ ಹಿಡಿದವಳು ಕೌಂಟರಿನ ಹೆಂಗಸು. ಹೆಸರು ಬರೆದುಕೊಳ್ಳುವುದು, ಟೋಕನ್ ಕೊಡುವುದು, ಕಸ ಗುಡಿಸುವುದು, ಯಜಮಾನರ ಕಾಫಿ ಲೋಟ ತೊಳೆಯುವುದು, ಎಲ್ಲ ಅವಳೇ. ಮೂವತ್ತರ ಆಸುಪಾಸು. ನಾನು ಬಾಯಿ ಬಿಟ್ಟ ಎರಡನೇ ಮಾತಿಗೇ ನನ್ನ ಊರು ಹಿಡಿದುಬಿಟ್ಟಳು. ಅವಳೂ ನಮ್ಮ ಕಡೆಯವಳೇ, ಬಾದಾಮಿ ತಾಲ್ಲೂಕು. ಇಲ್ಲಿ ಹುಣಸಮಾರನಹಳ್ಳಿಯಲ್ಲಿ ಬಾಡಿಗೆ ಮನೆ, ಗಂಡ ವಿಮಾನ ನಿಲ್ದಾಣದ ರಸ್ತೆಯ ಒಂದು ಗೋದಾಮಿನಲ್ಲಿ ಲೋಡಿಂಗ್ ಕೆಲಸಕ್ಕಿದ್ದ.

"ಅಕ್ಕಾರ, ಮೊದಲ ಚಾ ಕುಡೀರಿ. ಆಮ್ಯಾಲ ಏಣಿ ಹತ್ತೀರಂತ" ಅನ್ನುತ್ತಿದ್ದಳು. ಹದಿನೈದು ವರ್ಷದಲ್ಲಿ ಎಷ್ಟೋ ಅಂಗಡಿಗಳ ಏಣಿ ಹತ್ತಿದ್ದೇನೆ. ಹತ್ತುವ ಮೊದಲು ಚಹಾ ಕೊಟ್ಟವಳು ಇವಳೊಬ್ಬಳೇ.

ವೈರುಗಳನ್ನೆಲ್ಲ ಬಿಲ್ಲಿಂಗ್ ಮೇಜಿನ ಹಿಂದಿನ ಗೋಡೆಯ ಪೆಟ್ಟಿಗೆಗೆ ತಂದು ಸ್ವಿಚ್ಚಿಗೆ ಸೇರಿಸಿದೆ. ಕೆಲಸ ಮುಗಿಯುವ ಹೊತ್ತಿಗೆ ಯಜಮಾನರು, ಮುಂದಿನ ತಿಂಗಳು ಆ ಮೇಜಿನ ಪಕ್ಕಕ್ಕೇ ಇನ್ನೊಂದು ಕಂಪ್ಯೂಟರ್ ಬರುತ್ತದೆ, ಅದಕ್ಕೂ ಈಗಲೇ ಒಂದು ವೈರು ಬಿಡಿ ಅಂದರು. ಎರಡು ಮಾರು ವೈರಿನ ಒಂದು ತುದಿಯನ್ನು ಸ್ವಿಚ್ಚಿಗೆ ಚುಚ್ಚಿ, ಉಳಿದದ್ದನ್ನು ಸುರುಳಿ ಸುತ್ತಿ ಪೆಟ್ಟಿಗೆಯ ಕೆಳಗೆ ನೇತುಹಾಕಿ ಬಂದೆ.

ಮಾರನೆಯ ದಿನದಿಂದ ಆ ಲ್ಯಾಬಿನ ಚಹರೆಯೇ ಬದಲಾಯಿತು. ರೋಗಿ ಮೆಟ್ಟಿಲು ಹತ್ತುವ ಮೊದಲೇ ರಿಪೋರ್ಟು ಮೇಲಿನ ಡಾಕ್ಟರ ಮುಂದಿರುತ್ತಿತ್ತು. ಯಜಮಾನರು ಆ ರಸ್ತೆಯ ವ್ಯಾಪಾರಿಗಳ ವಾಟ್ಸಾಪ್ ಗುಂಪಿನಲ್ಲಿ, ನಮ್ಮ ಲ್ಯಾಬಲ್ಲಿ ಈಗ ಎಲ್ಲಾ ಫಾಸ್ಟು ಅಂತ ಬರೆದು ತಮ್ಮ ಫೋಟೋ ಹಾಕಿಕೊಂಡರು. ನನ್ನ ಸುದ್ದಿ ಇಲ್ಲ. ಆದರೂ ಮಾಡಿದವರು ಯಾರು ಅಂತ ಜನ ಕೇಳಿಕೊಂಡು ಬಂದರು. ಬೇಕರಿ, ಮೆಡಿಕಲ್ ಶಾಪು, ಕಣ್ಣಿನ ಕ್ಲಿನಿಕ್ಕು, ಜೆರಾಕ್ಸ್ ಅಂಗಡಿ, ಟ್ಯೂಷನ್ ಸೆಂಟರು, ಹೀಗೆ ನೋಡನೋಡುತ್ತ ಆ ಒಂದೇ ರಸ್ತೆಯಲ್ಲಿ ಹನ್ನೊಂದು ಕಡೆ ನನ್ನ ಸ್ವಿಚ್ಚುಗಳು ಕೂತವು. ನನ್ನನ್ನೂ ಆ ಗುಂಪಿಗೆ ಸೇರಿಸಿದರು. ಆ ಹನ್ನೊಂದು ಬಾಗಿಲುಗಳಿಂದಲೇ ನನ್ನ ಮನೆ ನಡೆಯುತ್ತಿತ್ತು. ಯಜಮಾನರು ತರುತ್ತೇನೆಂದ ಕಂಪ್ಯೂಟರ್ ಮಾತ್ರ ಬರಲಿಲ್ಲ, ಆ ವೈರು ಹಾಗೇ ನೇತಾಡುತ್ತ ಉಳಿಯಿತು.

ಆಮೇಲೆ ಆಯುಧಪೂಜೆ ಬಂತು.

ಆಯುಧಪೂಜೆಯ ದಿನ ಈ ಊರಿನಲ್ಲಿ ಏನೇನು ಆಗುತ್ತದೆ ಅಂತ ನನ್ನ ಕಸುಬಿನವರನ್ನು ಕೇಳಿ. ಸ್ಕೂಟರಿಗೆ ಬಾಳೆಕಂದು ಕಟ್ಟಿದರೆ ನನಗೇನೂ ಕಷ್ಟವಿಲ್ಲ. ಆದರೆ ಕಂಪ್ಯೂಟರುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಪ್ರಿಂಟರಿನ ಬಾಯಿಗೆ ಚೆಂಡುಹೂವು ತುರುಕಿ, ಗಾಳಿ ಆಡುವ ಕಿಂಡಿಗಳಿಗೆ ಅರಿಶಿನ ಕುಂಕುಮ ಬಳಿದು, ಮೇನ್ ಸ್ವಿಚ್ ಆರಿಸಿ ಮಂಗಳಾರತಿ ಎತ್ತುತ್ತಾರೆ. ಪೂಜೆಗೆ ಕೂತ ಸಾಮಾನನ್ನು ಅವತ್ತು ಮುಟ್ಟುವ ಹಾಗಿಲ್ಲ. ಮರುದಿನ ವಿಜಯದಶಮಿ, ರಜೆ. ಅಂದರೆ ಪೂಜೆಯ ದಿನ ಏನು ಕೆಟ್ಟಿತು ಎಂಬುದು ಮೂರನೆಯ ದಿನ ಬೆಳಗ್ಗೆ, ಬಾಗಿಲು ತೆರೆದು ಮೇನ್ ಹಾಕಿದ ಮೇಲೆಯೇ ಗೊತ್ತಾಗುವುದು. ವರ್ಷಕ್ಕೊಮ್ಮೆ ಆ ಬೆಳಗ್ಗೆ ನನ್ನ ಫೋನಿಗೆ ಬಿಡುವಿರುವುದಿಲ್ಲ.

ಆ ವರ್ಷ ಏಳು ಗಂಟೆಗೇ ಹೊಡೆದುಕೊಂಡಿತು. ಲ್ಯಾಬಿನ ಯಜಮಾನರು. "ಏನಮ್ಮಾ, ಇಂಗೆ ಮಾಡ್ಬುಟ್ರೆ ಎಂಗೆ? ಒಂದೂ ಕೆಲ್ಸ ಮಾಡ್ತಿಲ್ಲ. ಜನ ಒಟ್ಟೆ ಅಸ್ಕೊಂಡು ಕೂತವ್ರೆ. ಎಂಥಾ ಡುಪ್ಲಿಕೇಟ್ ಮಾಲು ಕೊಟ್ಬಿಟ್ರಿ ನೀವು?"

ಬರ್ತೀನಿ ಅಂತ ಹೊರಟೆ. ಕೋಗಿಲು ಕ್ರಾಸಿನ ಸಿಗ್ನಲ್ಲಿನಲ್ಲಿ ನಿಂತಾಗ ಫೋನು ಮತ್ತೆ ಸದ್ದು ಮಾಡಿತು. ವ್ಯಾಪಾರಿಗಳ ಗುಂಪಿನಲ್ಲಿ ಅವರ ಸಂದೇಶ: ಈ ಮೇಡಂ ಹತ್ತಿರ ಯಾರೂ ಸ್ವಿಚ್ ತಗೋಬೇಡಿ, ಡುಪ್ಲಿಕೇಟ್, ನಮ್ಮ ಲ್ಯಾಬ್ ನಿಂತುಹೋಗಿದೆ. ಕೆಳಗೆ ಮೆಡಿಕಲ್ ಶಾಪಿನವರು, ಹೌದಾ ಅಂತ ಕೇಳಿದ್ದರು. ಬೇಕರಿಯವರು, ನಮ್ಮದೂ ಚೆಕ್ ಮಾಡಿಸಬೇಕು ಅಂದಿದ್ದರು. ನನ್ನ ಮೈಯೆಲ್ಲ ಉರಿದುಹೋಯಿತು. ಕಂಪನಿಯ ಬಿಲ್ಲು, ವಾರಂಟಿ ಕಾರ್ಡು ಎಲ್ಲ ಚೀಲದಲ್ಲಿತ್ತು. ಹದಿನೈದು ವರ್ಷ ಏಣಿ ಹತ್ತಿ ಇಳಿದು ಗಳಿಸಿದ್ದನ್ನು ಒಂದು ಬೆರಳಲ್ಲಿ ಒತ್ತಿ ಅಳಿಸಿಬಿಟ್ಟನಲ್ಲ ಈ ಮನುಷ್ಯ ಅಂತ, ಸಿಗ್ನಲ್ ಬಿಟ್ಟು ಹಿಂದಿನ ಆಟೋದವನು ಹಾರನ್ ಹೊಡೆಯುವವರೆಗೂ ಬೈಯುತ್ತಲೇ ಇದ್ದೆ.

ಲ್ಯಾಬಿನ ಬಾಗಿಲಲ್ಲಿ ಒಡೆದ ಬೂದುಗುಂಬಳಕಾಯಿಯ ಹೋಳು ಇನ್ನೂ ಬಿದ್ದಿದ್ದವು. ಒಳಗೆ ನಲವತ್ತು ಜನ, ಎಲ್ಲರೂ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರು. ಕಡ್ಲೆಪುರಿ ಕಾಲಿಗೆ ಸಿಕ್ಕಿ ಪುಡಿಯಾಗುತ್ತಿತ್ತು. ಸಕ್ಕರೆ ಕಾಯಿಲೆಯ ಒಬ್ಬರು ವಯಸ್ಸಾದವರು ಕೌಂಟರ್ ಗುದ್ದುತ್ತ, "ಟೋಕನ್ ಇಲ್ಲಾಂದ್ರೆ ಕೈಯಲ್ಲಿ ಬರೀರಿ ಕಣ್ರೀ" ಅಂತ ಕೂಗುತ್ತಿದ್ದರು. ಕೌಂಟರಿನವಳು ನನ್ನನ್ನು ಕಂಡು, "ಬಂದ್ರಿ ಅಕ್ಕಾರ, ಚಲೋ ಆತು" ಅಂತ ನಿಟ್ಟುಸಿರು ಬಿಟ್ಟಳು.

ಪೆಟ್ಟಿಗೆ ತೆರೆದೆ. ಸ್ವಿಚ್ಚಿನ ಹಣೆಗೆ ದೊಡ್ಡ ಕುಂಕುಮ. ಅದರ ದೀಪಗಳೆಲ್ಲ ಒಟ್ಟಿಗೇ, ಒಂದೇ ಸಮನೆ, ಹುಚ್ಚು ಹಿಡಿದಂತೆ ಮಿಣುಕುತ್ತಿದ್ದವು. ಅದನ್ನು ನೋಡಿದ ಕ್ಷಣದಲ್ಲೇ ನನಗೆ ತಿಳಿಯಬೇಕಿತ್ತು. ಹೊಸದಾಗಿ ಕಲಿತವರಿಗೂ ಗೊತ್ತಾಗುತ್ತದೆ. ಆದರೆ ನಾನು ಅಲ್ಲಿಗೆ ರಿಪೇರಿಗೆ ಹೋಗಿರಲಿಲ್ಲ, ಜಗಳಕ್ಕೆ ಹೋಗಿದ್ದೆ. ನನ್ನ ಮಾಲು ಡುಪ್ಲಿಕೇಟ್ ಅಲ್ಲ ಅಂತ ತೋರಿಸಬೇಕಿತ್ತು, ಅಷ್ಟೆ. ಚೀಲದಿಂದ ಹೊಚ್ಚ ಹೊಸ ಸ್ವಿಚ್ಚು ತೆಗೆದು ಎಲ್ಲರೆದುರು ಸೀಲು ಒಡೆದೆ. ಹಳೆಯದರಿಂದ ಒಂದೊಂದೇ ವೈರು ಕಿತ್ತು, ಅದೇ ಕ್ರಮದಲ್ಲಿ ಹೊಸದಕ್ಕೆ ಚುಚ್ಚಿದೆ. ಪ್ರತಿ ವೈರಿಗೂ ನಾನೇ ಅಂಟಿಸಿದ ನಂಬರಿನ ಚೀಟಿ ಇತ್ತು. ಒಂದನ್ನೂ ಓದಲಿಲ್ಲ.

ಕರೆಂಟು ಕೊಟ್ಟೆ. ಎರಡು ಕ್ಷಣ ಸರಿಯಿತ್ತು. ಆಮೇಲೆ ಹೊಸ ಸ್ವಿಚ್ಚೂ ಹಳೆಯದರ ಹಾಗೆಯೇ ಮಿಣುಕತೊಡಗಿತು.

"ಇದೂ ಡುಪ್ಲಿಕೇಟಾ?" ಯಜಮಾನರು ಸೊಂಟಕ್ಕೆ ಕೈಯಿಟ್ಟು ಕೇಳಿದರು. ಹಸಿದ ನಲವತ್ತು ಜನರಲ್ಲಿ ನಾಲ್ಕೈದು ಮಂದಿಯಾದರೂ ನಕ್ಕರು. "ಸ್ವಿಚ್ ತೆಗ್ದು ಆಚೆ ಇಡೀಮ್ಮಾ, ನಮ್ಮ ಬಾಮೈದ ಬರ್ತಾವ್ನೆ, ಅವ್ನು ನೋಡ್ಕೊಳ್ತಾನೆ."

"ಬಾಯಿ ಮುಚ್ಕೊಂಡು ಎರಡು ನಿಮಿಷ ನಿಂದ್ರಿ" ಅಂದೆ. ನಮ್ಮ ಊರಿನ ಮಾತು ತಾನಾಗಿ ಬಂದಿತ್ತು. ಅಷ್ಟು ಹೊತ್ತಿಗೆ ನನಗೆ ಬುದ್ಧಿ ಬಂದಿತ್ತು. ಎಲ್ಲ ವೈರು ಕಿತ್ತೆ. ಒಂದೊಂದೇ ಚುಚ್ಚುತ್ತ ದೀಪ ನೋಡುತ್ತ ಹೋದೆ. ಬಿಲ್ಲಿಂಗ್, ಸರಿ. ಮಿಷನ್ನು, ಸರಿ. ಪ್ರಿಂಟರು, ಸ್ಕ್ಯಾನಿಂಗು, ಡಾಕ್ಟರ ಕೋಣೆ, ಎಲ್ಲ ಸರಿ. ಕೊನೆಗೆ ಎರಡು ತುದಿ ಉಳಿದವು. ಒಂದು ಚುಚ್ಚಿದೆ, ಏನೂ ಆಗಲಿಲ್ಲ. ಇನ್ನೊಂದು ಚುಚ್ಚಿದ ತಕ್ಷಣ ದೀಪಗಳೆಲ್ಲ ಹುಚ್ಚಾದವು.

ಆ ಎರಡು ತುದಿಗಳು ಒಂದೇ ವೈರಿನವು. ಅದರ ಒಂದು ತುದಿ ಸ್ವಿಚ್ಚಿನಲ್ಲಿತ್ತು, ನೇತಾಡುತ್ತಿದ್ದ ಇನ್ನೊಂದನ್ನು ಯಾರೋ ಅದೇ ಸ್ವಿಚ್ಚಿನ ಖಾಲಿ ಪೋರ್ಟಿಗೆ ಸಿಕ್ಕಿಸಿದ್ದರು. ಹಾಗೆ ಮಾಡಿದರೆ, ಯಾರು ಎಲ್ಲಿದ್ದಾರೆ ಅಂತ ತಿಳಿಯಲು ಸ್ವಿಚ್ಚು ಆಗಾಗ ಎಲ್ಲರಿಗೂ ಕಳಿಸುವ ಮಾತು ಅದಕ್ಕೇ ವಾಪಸು ಬರುತ್ತದೆ. ಹೊಸ ಮಾತೆಂದು ತಿಳಿದು ಅದು ಮತ್ತೆ ಎಲ್ಲರಿಗೂ ಕಳಿಸುತ್ತದೆ. ಅದೂ ವಾಪಸು. ಕಣ್ಣು ಮಿಟುಕಿಸುವುದರೊಳಗೆ ತನ್ನ ಗಲಾಟೆಯಲ್ಲಿ ತಾನೇ ಮುಳುಗುತ್ತದೆ, ಬೇರೆ ಯಾರ ಮಾತೂ ಅದಕ್ಕೆ ಕೇಳುವುದಿಲ್ಲ. ಹೊಸ ಸ್ವಿಚ್ಚಿಗೂ ನಾನೇ ಆ ಎರಡು ತುದಿಗಳನ್ನು ಜೋಪಾನವಾಗಿ ಚುಚ್ಚಿದ್ದೆ.

ವೈರು ಕೈಯಲ್ಲಿ ಹಿಡಿದು ಎದ್ದು ನಿಂತೆ. ಆ ಗಳಿಗೆ ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. ಯಾಕೆಂದರೆ ಆಗ ನನ್ನ ತಲೆಯಲ್ಲಿ ಎರಡು ಮಾತುಗಳು ಒಟ್ಟಿಗೇ ಇದ್ದವು. ಒಂದು, ನನ್ನ ಮಾಲು ಸರಿಯಿದೆ. ಇನ್ನೊಂದು, ಈ ವೈರನ್ನು ಹೀಗೆ ಬಿಡಬಾರದಿತ್ತು. ಉಪಯೋಗಕ್ಕೆ ಇಲ್ಲದ ವೈರಿನ ಸ್ವಿಚ್ಚಿನ ಕಡೆಯ ತುದಿಯನ್ನು ಕಿತ್ತಿಡಬೇಕು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಕಿತ್ತಿಟ್ಟಿದ್ದರೆ ಇನ್ನೊಂದು ತುದಿಯನ್ನು ಯಾರು ಎಲ್ಲಿ ಸಿಕ್ಕಿಸಿದರೂ ಏನೂ ಆಗುತ್ತಿರಲಿಲ್ಲ. ಮುಂದೆ ಬಂದಾಗ ಎರಡು ನಿಮಿಷ ಉಳಿಯಲಿ ಅಂತ ನಾನು ಕೀಳದೆ ಬಿಟ್ಟಿದ್ದೆ. ಎರಡನೇ ಮಾತನ್ನು ನುಂಗಿಕೊಂಡೆ. ವೈರನ್ನು ಎತ್ತಿ ಹಿಡಿದು ಇಡೀ ಲ್ಯಾಬಿಗೆ ಕೇಳುವ ಹಾಗೆ, "ಇದನ್ನು ಇಲ್ಲಿ ಸಿಕ್ಕಿಸಿದವರು ಯಾರು?" ಅಂದೆ.

ಯಜಮಾನರ ಬಾಮೈದನೋ ಯಾರೋ ಸಿಕ್ಕಿಬೀಳುತ್ತಾರೆ, ಯಜಮಾನರ ಮುಖ ಸಣ್ಣಗಾಗುವುದನ್ನು ನೋಡೋಣ ಅಂತ ನನ್ನ ಆಸೆ.

"ನಾನ ಹಾಕೀನ್ರಿ ಅಕ್ಕಾರ" ಅಂದಳು ಕೌಂಟರಿನವಳು. ಹೆದರಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುವ ಹಾಗೆ ಕೊಟ್ಟಳು. "ಪೂಜಿ ದಿನ ಸರ್ ಹೇಳಿದ್ರು, ಫೋಟೋ ತೆಗೀತೀವಿ, ಏನೂ ಜೋತಾಡಬಾರದಂತ. ಇದೊಂದು ಜೋತಾಡಾಕತ್ತಿತ್ತು. ಪೆಟಿಗಿ ಒರೆಸುವಾಗ ಅಲ್ಲೇ ತೂತ ಖಾಲಿ ಕಂಡ್ತು, ಸಿಗಿಸೀನ್ರಿ. ತಪ್ಪಾತೇನ್ರಿ?"

ಯಜಮಾನರು ಅವಳ ಕಡೆ ತಿರುಗಿದರು. ರಸ್ತೆಯವರಿಗೆಲ್ಲ ನನ್ನ ಮೇಲೆ ಬರೆದು ಕಳಿಸಿಯಾಗಿತ್ತು. ಆ ತಪ್ಪನ್ನು ಇಳಿಸಲು ಅವರಿಗೂ ಒಂದು ತಲೆ ಬೇಕಿತ್ತು. "ಜೋತಾಡಬಾರ್ದು ಅಂದ್ರೆ ಕಟ್ಟಿಡು ಅಂತ. ನಾನು ಸಿಕ್ಸು ಅಂದ್ನಾ? ಅಂದ್ನಾ ಏಳು?"

"ಇಲ್ರಿ."

"ಮತ್ತೆ? ಗೊತ್ತಿಲ್ದಿರೋದಕ್ಕೆ ಕೈ ಯಾಕೆ ಆಕ್ತೀಯ ನೀನು?"

ಅವಳು ನನ್ನ ಮುಖ ನೋಡಿದಳು. ನಾನು ವೈರನ್ನು ಸುತ್ತುವುದರಲ್ಲಿ ತೊಡಗಿದ್ದೆ. ಒಂದು ಮಾತು ಸಾಕಿತ್ತು. ಸರ್, ಅವಳದೇನೂ ತಪ್ಪಿಲ್ಲ, ಹಾಗೆ ಬಿಟ್ಟವಳು ನಾನು. ಅಷ್ಟು ಅಂದಿದ್ದರೆ ಯಜಮಾನರು ಕುಣಿದಾಡುತ್ತಿದ್ದರು, ಡುಪ್ಲಿಕೇಟ್ ಎಂದದ್ದೇ ನಿಜವೆಂದು ಇನ್ನೊಮ್ಮೆ ಬರೆಯುತ್ತಿದ್ದರು. ಹನ್ನೊಂದು ಬಾಗಿಲು ಹೋಗುತ್ತಿದ್ದವು. ನಾನು ಅನ್ನಲಿಲ್ಲ. ಅನ್ನದೆ ಇದ್ದದ್ದಷ್ಟೇ ಅಲ್ಲ, ಮೇಲೆ ಇನ್ನೊಂದು ಮಾತು ಅಂದೆ. "ಗುಂಪಿನಲ್ಲಿ ಹಾಕಿದ್ರಲ್ಲ, ಈಗಲೂ ಹಾಕಿ. ಸ್ವಿಚ್ ಸರಿಯಿತ್ತು, ತಪ್ಪು ನಿಮ್ಮವರದು ಅಂತ. ಅಲ್ಲಿವರೆಗೆ ನಾನು ಇಲ್ಲಿಂದ ಕದಲಲ್ಲ."

ಮೇಲಿನ ಡಾಕ್ಟರು ಇಳಿದು ಬಂದು, ಹಾಕಿ ಮುಗಿಸಿ ಅಂದರು. ಯಜಮಾನರು ಹಾಕಿದರು. ಸ್ವಿಚ್ ಸರಿ ಇದೆ, ನಮ್ಮ ಕೌಂಟರ್ ಹೆಂಗಸು ವೈರ್ ತಪ್ಪಾಗಿ ಹಾಕಿ ಲ್ಯಾಬ್ ನಿಲ್ಲಿಸಿದಳು, ಅವಳನ್ನು ತೆಗೆದಿದ್ದೇವೆ. ಕೊನೆಯ ಮಾತನ್ನು ನಾನು ಕೇಳಿರಲಿಲ್ಲ, ಅದು ಅವರದೇ ಸೇರ್ಪಡೆ. ಬರೆದ ಮೇಲೆ ತಲೆಯೆತ್ತಿ ಅವಳಿಗೆ, "ನಾಳೆಯಿಂದ ಬರಬೇಡ" ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದನ್ನು ಚಿಕ್ಕಂದಿನಿಂದ ಕೇಳಿದ್ದೆ. ಅವತ್ತು ಕಣ್ಣಾರೆ ಕಂಡೆ, ಜ್ವರ ಬಂದ ಎತ್ತು ಅಲ್ಲೇ ನಿಂತು ವೈರು ಸುತ್ತುತ್ತಿತ್ತು.

ಮಿಷನ್ನುಗಳು ಓಡತೊಡಗಿದವು. ಪ್ರಿಂಟರು ಒಂದರ ಮೇಲೊಂದು ಟೋಕನ್ ಉಗುಳಿತು. ಮೆಡಿಕಲ್ ಶಾಪಿನವರು ಗುಂಪಿನಲ್ಲಿ ನನಗೆ ಹೆಬ್ಬೆರಳು ಎತ್ತಿದರು. ಅದನ್ನು ನೋಡಿ ನನಗೆ ಖುಷಿಯಾಯಿತು. ಸುಳ್ಳು ಹೇಳಬಾರದು, ತುಂಬಾ ಖುಷಿಯಾಯಿತು.

ಮನೆಗೆ ಬಂದ ಮೇಲೆ ನನ್ನ ವಾದಗಳು ಶುರುವಾದವು. ಅವಳಿಗೇಕೆ ಬೇಕಿತ್ತು ಇಲ್ಲದ ಉಸಾಬರಿ? ಪೆಟ್ಟಿಗೆ ತೆರೆಯಲು ಹೇಳಿದ್ದು ಯಾರು? ಒಂದು ಫೋನ್ ಮಾಡಿ ಕೇಳಬಹುದಿತ್ತಲ್ಲ? ಕೆಲಸ ಕೊಡುವುದು ಬಿಡುವುದು ಯಜಮಾನರ ಇಷ್ಟ, ನನಗೇನು? ಹೀಗೆ ದಿನಕ್ಕೆ ನಾಲ್ಕು ಸಲ ಅವಳ ಮೇಲೆ ಮನಸ್ಸಿನಲ್ಲೇ ರೇಗುತ್ತಿದ್ದೆ. ಬೇರೆ ಅಂಗಡಿಗಳಿಗೆ ಹೋದಾಗ ಮಾತ್ರ, ಯಾರೂ ಕೇಳದಿದ್ದರೂ, ನೇತಾಡುವ ವೈರುಗಳ ಒಳತುದಿಯನ್ನು ಸದ್ದಿಲ್ಲದೆ ಕಿತ್ತಿಡುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಅಂದರೆ ಅದೇ.

ದೀಪಾವಳಿ ಕಳೆದ ಮೇಲೆ ಒಂದು ದಿನ ಬೇಕರಿಯಲ್ಲಿ ಬಿಲ್ಲಿಂಗ್ ಕಂಪ್ಯೂಟರ್ ಜಾಗ ಬದಲಿಸುತ್ತಿದ್ದೆ. ಬೇಕರಿಯವರು ದಿಲ್‌ಪಸಂದ್ ತಟ್ಟೆ ಮುಂದಿಟ್ಟು ನಗುತ್ತ, "ಮೇಡಂ, ಆ ಲ್ಯಾಬ್ ಹೆಂಗಸು ಕೌಂಟರ್ ಕೆಲ್ಸ ಕೇಳ್ಕೊಂಡು ಬಂದಿದ್ಲು. ಅಯ್ಯೋ ನಮ್ಮ ಮೇಡಂ ವೈರ್ ಎಲ್ಲಾ ಕಿತ್ತಾಕ್ತೀಯ ತಾಯಿ, ಬೇಡ ಅಂತ ಕಳಿಸ್ದೆ. ಮೆಡಿಕಲ್‌ನವರೂ ಬೇಡ ಅಂದ್ರಂತೆ, ಕಣ್ಣಿನ ಕ್ಲಿನಿಕ್‌ನವರೂ ಅಷ್ಟೆ. ಗ್ರೂಪಲ್ಲಿ ನೋಡಿದೀವಲ್ಲ" ಅಂದರು. ನನಗೆ ಉಪಕಾರ ಮಾಡಿದ ಹಾಗೆ ಇತ್ತು ಅವರ ಮುಖ.

ಒಂದು ಲ್ಯಾಬಿನ ಕೆಲಸ ಹೋಯಿತು ಅಂದುಕೊಂಡಿದ್ದೆ. ಇಡೀ ರಸ್ತೆಯೇ ಅವಳಿಗೆ ಮುಚ್ಚಿತ್ತು. ಮುಚ್ಚಿದ್ದು ಯಜಮಾನರು ಬರೆದ ಸಂದೇಶ. ಅದನ್ನು ಹಟ ಹಿಡಿದು ಬರೆಸಿದವಳು ನಾನು. ದಿಲ್‌ಪಸಂದ್ ತಟ್ಟೆಯನ್ನು ಹಾಗೇ ಬಿಟ್ಟು ಎದ್ದೆ.

ಭಾನುವಾರ ಹುಣಸಮಾರನಹಳ್ಳಿಗೆ ಹೋದೆ. ಏಣಿ ಹಿಡಿದ ದಿನ ಅವಳೇ ಹೇಳಿದ್ದ ಗುರುತು, ಬಸ್ ಸ್ಟಾಪಿನ ಹಿಂದಿನ ಓಣಿ, ಸಾಲು ಮನೆಗಳು, ಮೂರನೆಯದು ಅವಳದು. ಬಾಗಿಲು ತೆರೆದೇ ಇತ್ತು. ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಕಂಡು ಬಡಿಯುವ ಕೈ ನಿಂತು, ಮತ್ತೆ ಶುರುವಾಯಿತು. "ಬರ್ರಿ, ಕೂಡ್ರಿ" ಅಂದಳು. ಚಹಾದ ಮಾತೆತ್ತಲಿಲ್ಲ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಯಲಹಂಕದಲ್ಲಿ ಪರಿಚಯದವರ ಒಂದು ಟೈಲರಿಂಗ್ ಅಂಗಡಿ ಇದೆ, ಅಲ್ಲಿ ಕೆಲಸ ಕೊಡಿಸುತ್ತೇನೆ ಅಂದೆ. ಬೇಡ ಅಂದಳು. ಲ್ಯಾಬಿನ ಯಜಮಾನರು ಮನುಷ್ಯರೇ ಅಲ್ಲ ಅಂದೆ. ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರಿ, ನನ್ನ ಕಡೆ ತಿರುಗಿದಳು.

"ಅವರ ಮಾತು ಬಿಡ್ರಿ. ನಿಮ್ಮನ್ನ ಒಂದು ಕೇಳ್ತೀನಿ. ಮೆಡಿಕಲ್‌ನ್ಯಾಗ ಒಬ್ಬ ಕಂಪ್ಯೂಟರ್ ಹುಡುಗ ಅಂದಾ, ಆ ವಾಯರ್ ಹಂಗ ಬಿಟ್ಟಾವರದ ತಪ್ಪಂತ. ಆವತ್ತ ನೀವು ಅದನ್ನ ಕೈಯಾಗ ಹಿಡಕೊಂಡು ಎಲ್ಲಾರ ಮುಂದ ಯಾರು ಸಿಗಿಸಿದ್ರಂತ ಕೇಳಿದ್ರಲ್ಲ, ಆಗ ನಿಮಗ ಗೊತ್ತಿತ್ತೇನ್ರಿ?"

ಗೊತ್ತಿರಲಿಲ್ಲ ಅನ್ನಬಹುದಿತ್ತು. ನಂಬುತ್ತಿದ್ದಳೋ ಏನೋ.

"ಗೊತ್ತಿತ್ತು" ಅಂದೆ.

ಅವಳು ರೊಟ್ಟಿ ತಿರುವಿಹಾಕಿದಳು. "ನಾ ಕೇಳಿದ ತಕ್ಷಣ ಒಪ್ಪಿಕೊಂಡೀನಿ. ನೀವು ಕೇಳಿದ್ರಂತ ಒಪ್ಪಿಕೊಂಡೀನಿ. ಬ್ಯಾರೆ ಯಾರರ ಕೇಳಿದ್ರ ಸುಮ್ಮನಿರ್ತಿದ್ನಿ" ಅಂದಳು. ದನಿ ಏರಿರಲಿಲ್ಲ. ನನಗೆ ಬೈದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ, ಜಗಳ ನನಗೆ ಬರುತ್ತದೆ. ಅವಳು ಬೈಯಲಿಲ್ಲ.

"ನಾನೀಗ ಏನು ಮಾಡ್ಲಿ ಹೇಳು" ಅಂದೆ.

"ಅದ ಗ್ರೂಪ್‌ನ್ಯಾಗ ಹಾಕ್ರಿ. ಈಗ, ಇಲ್ಲೇ ಕುಂತು."

ಫೋನು ತೆಗೆದೆ. ಹನ್ನೊಂದು ಅಂಗಡಿಯವರ ಮುಖಗಳು ಸಾಲಾಗಿ ಕಣ್ಣ ಮುಂದೆ ಬಂದವು. ಬರೆದೆ. ಲ್ಯಾಬಿನಲ್ಲಿ ನಡೆದ ಘಟನೆ ತಾಂತ್ರಿಕ ಕಾರಣದಿಂದ ಆದದ್ದು, ಅಲ್ಲಿನ ಸಿಬ್ಬಂದಿಯ ತಪ್ಪು ಇರಲಿಲ್ಲ, ಗೊಂದಲಕ್ಕೆ ವಿಷಾದ. ಬರೆದು ಅವಳಿಗೆ ತೋರಿಸಿದೆ. ಕೈಯ ಹಿಟ್ಟನ್ನು ಸೀರೆಗೆ ಒರೆಸಿಕೊಂಡು, ಫೋನು ಇಸಕೊಂಡು, ತುಟಿ ಅಲ್ಲಾಡಿಸುತ್ತ ಎರಡು ಸಲ ಓದಿದಳು.

"ಇದ್ರಾಗ ನೀವು ಎಲ್ಲಿ ಅದೀರಿ?" ಅಂದಳು.

ಫೋನು ವಾಪಸು ತಗೊಂಡು ಎಲ್ಲ ಅಳಿಸಿದೆ. ಮೂರು ಸಾಲು ಬರೆದೆ. ಲ್ಯಾಬ್ ನಿಂತದ್ದು ನನ್ನ ತಪ್ಪಿನಿಂದ. ಕೀಳಬೇಕಾದ ವೈರನ್ನು ಕೀಳದೆ ಬಿಟ್ಟವಳು ನಾನು. ಅವತ್ತೇ ನನಗೆ ಗೊತ್ತಿತ್ತು, ಕೌಂಟರಿನವರ ಮೇಲೆ ಹಾಕಿ ಸುಮ್ಮನಿದ್ದೆ. ಅವಳು ಓದಿ ತಲೆಯಾಡಿಸಿದಳು. ಕಳಿಸಿದೆ.

ಅರ್ಧ ನಿಮಿಷವೂ ಆಗಿರಲಿಲ್ಲ, ಫೋನು ನಡುಗತೊಡಗಿತು. ಲ್ಯಾಬಿನ ಯಜಮಾನರು, ನಾನು ಮೊದಲೇ ಹೇಳಿದ್ದೆ ಅಂತ ಬರೆದಿದ್ದರು. ಟ್ಯೂಷನ್ ಸೆಂಟರಿನವರು, ನಮ್ಮಲ್ಲೂ ಹೀಗೇ ಬಿಟ್ಟಿದ್ದೀರಾ ಅಂತ ಕೇಳಿದ್ದರು. ಬೇಕರಿಯವರು ಫೋನೇ ಮಾಡುತ್ತಿದ್ದರು. ಎತ್ತಲಿಲ್ಲ. ಮುಂದೆ ಆ ಹನ್ನೊಂದರಲ್ಲಿ ನಾಲ್ಕು ನನಗೆ ಉಳಿದವು. ಅವಳನ್ನು ಆ ರಸ್ತೆಯವರು ಯಾರೂ ಕರೆಯಲಿಲ್ಲ. ಕೆಂಪಾಪುರದ ಒಂದು ಬಟ್ಟೆ ಅಂಗಡಿಗೆ ತಾನೇ ಸೇರಿಕೊಂಡಳು ಅಂತ ಆಮೇಲೆ ಯಾರಿಂದಲೋ ತಿಳಿಯಿತು.

ಅವತ್ತು ಅವಳ ಮನೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂತೇ ಇದ್ದೆ. ಏನಾದರೂ ಅನ್ನುತ್ತಾಳೆ ಅಂತ. ಆಯ್ತು ಬಿಡ್ರಿ ಅಂತಲೋ, ಇಷ್ಟು ದಿನ ಬೇಕಾಗಿತ್ತೇನು ಅಂತಲೋ. ಅವಳು ಹಂಚು ಇಳಿಸಿ, ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಎದ್ದು ಬಾಗಿಲ ಹತ್ತಿರ ನಿಂತಳು. ನಮ್ಮ ಕಡೆ ಮನೆಗೆ ಬಂದವರನ್ನು ಕಳಿಸುವಾಗ ಹೋಗಿ ಬರ್ರಿ ಅನ್ನುತ್ತಾರೆ. ಸಾಲ ಕೇಳಲು ಬಂದವರಿಗೂ, ಜಗಳ ಆಡಿದವರಿಗೂ ಹಾಗೇ ಅನ್ನುತ್ತಾರೆ. ಬರೀ ಹೋಗು ಅಂದರೆ ಅಪಶಕುನ ಅಂತ ಮಕ್ಕಳಿಗೂ ಕಲಿಸಿರುತ್ತಾರೆ.

ನಾನು ಚಪ್ಪಲಿ ಮೆಟ್ಟಿಕೊಂಡೆ.

"ಹೋಗ್ರಿ" ಅಂದಳು.